ಹೋಗುವ ಮೊದಲೇ ಆದ ಸತ್ಕಾರ

ನಮ್ಮ ಕಡೆ ಸತ್ಕಾರಕ್ಕೆ ಅವಸರ ಬಹಳ. ಪರೀಕ್ಷೆ ಬರೆದು ಬಂದರೆ ಸಾಕು, ಫಲಿತಾಂಶಕ್ಕೆ ಕಾಯುವ ತಾಳ್ಮೆ ಯಾರಿಗೂ ಇಲ್ಲ, ಶಾಲು ತಂದುಬಿಡುತ್ತಾರೆ. ಸಂಘದ ಚುನಾವಣೆಗೆ ಬರೀ ಅರ್ಜಿ ಹಾಕಿದವನ ಕೊರಳಿಗೂ ಹಾರ ಬೀಳುತ್ತದೆ. ಒಮ್ಮೆ ಶಾಲು ಹೊದಿಸಿ, ಕೈಗೆ ಹಣ್ಣಿನ ಬುಟ್ಟಿ ಕೊಟ್ಟು, ಫೋಟೋ ತೆಗೆದಾಯಿತೆಂದರೆ ಆ ಕೆಲಸ ಆಗಿಹೋಯಿತು ಅಂತಲೇ ಅರ್ಥ. ಆಮೇಲೆ ಅದು ನಿಜವಾಗಿ ಆಯಿತೋ ಇಲ್ಲವೋ ಎಂದು ಹೊರಳಿ ನೋಡುವವರಿಲ್ಲ. ನನಗೂ ಹಾಗೆ ಒಂದು ಸತ್ಕಾರವಾಯಿತು. ಅದರಿಂದ ಬಿಡಿಸಿಕೊಳ್ಳಲು ಇವತ್ತಿಗೂ ಆಗಿಲ್ಲ.

ನಾನು ಬೈಲಹೊಂಗಲದ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತೇನೆ. ಊರಿನ ಮುಸ್ಲಿಂ ವ್ಯಾಪಾರಸ್ಥರು ಸೇರಿ ಕಟ್ಟಿದ ಅಲ್ಪಸಂಖ್ಯಾತ ಸಂಸ್ಥೆ ಅದು. ಬುರ್ಖಾ ಹಾಕಿಕೊಂಡು ಬರುವವರೂ ಇದ್ದಾರೆ, ಸುತ್ತಲಿನ ಹಳ್ಳಿಗಳ ಒಕ್ಕಲುತನದ ಮನೆಯ ಹುಡುಗಿಯರೂ ಇದ್ದಾರೆ. ಹುಡುಗರಿಲ್ಲದ ಕಾಲೇಜು, ಬಸ್ಸಿಳಿದರೆ ಎದುರಿಗೇ ಇದೆ ಅನ್ನುವುದು ಎಲ್ಲ ಮನೆಯವರಿಗೂ ಸಮಾಧಾನ. ಬಿ.ಎ.ಗೆ ಹುಡುಗಿಯರ ಕೊರತೆಯಿಲ್ಲ. ಬಿ.ಎಸ್ಸಿ.ಗೆ ಮಾತ್ರ ಮುಂದಿನ ಎರಡು ಬೆಂಚು ತುಂಬಿದರೆ ಹೆಚ್ಚು. ಸಸ್ಯಶಾಸ್ತ್ರಕ್ಕೆ ಇಡೀ ಕಾಲೇಜಿಗೆ ನಾನೊಬ್ಬಳೇ. ನಮ್ಮಲ್ಲಿರುವ ಒಂದೇ ಒಳ್ಳೆಯ ಮೈಕ್ರೋಸ್ಕೋಪಿನ ಗಾಜಿಗೆ ಬೂಷ್ಟು ಹಿಡಿದಿದೆ. ನನ್ನ ಆಸಕ್ತಿಯೂ ಬೂಷ್ಟು, ಶಿಲೀಂಧ್ರಗಳ ಮೇಲೆಯೇ. ಹಾಗಾಗಿ ಏನನ್ನು ಕೆಳಗಿಟ್ಟು ನೋಡಿದರೂ ಮೊದಲು ಗಾಜಿನ ಬೂಷ್ಟಿನ ದರ್ಶನವಾಗುತ್ತದೆ. ಹುಡುಗಿಯರು "ಕಾಣತೈತ್ರಿ ಮೇಡಂ!" ಎಂದು ಕೂಗಿದಾಗಲೆಲ್ಲ ಅವರಿಗೆ ಕಂಡದ್ದು ಯಾವುದು ಎಂದು ನನಗೆ ಅನುಮಾನ.

ಜೋಳದ ತೆನೆಗೆ ಕಾಡಿಗೆ ರೋಗ ಅಂತ ಬರುತ್ತದೆ. ಕಾಳಿರಬೇಕಾದ ಕಡೆ ಕಪ್ಪು ಪುಡಿ ತುಂಬಿಕೊಂಡಿರುತ್ತದೆ. ನನ್ನ ತವರು ರಾಮದುರ್ಗದಲ್ಲಿ ಚಿಕ್ಕವರಿದ್ದಾಗ ನಾವು ಅದನ್ನು ಒಡೆದು ಮೀಸೆ ಬರೆದುಕೊಳ್ಳುತ್ತಿದ್ದೆವು, ಅಮ್ಮನ ಕೈಯಿಂದ ಬೈಸಿಕೊಳ್ಳುತ್ತಿದ್ದೆವು. ಆ ಪುಡಿಯ ಒಂದೊಂದು ಕಣವೂ ಮತ್ತೆ ಮೊಳೆಯುವಂಥದ್ದು, ಅದರ ಮೈಮೇಲೆ ಸಣ್ಣ ಸಣ್ಣ ಮುಳ್ಳುಗಳಿರುತ್ತವೆ ಎಂದು ದೊಡ್ಡವಳಾದ ಮೇಲೆ ಓದಿದೆ. ಓದಿದ್ದೇ, ಕಣ್ಣಾರೆ ಕಂಡಿಲ್ಲ. ಕಾಣಬೇಕೆಂಬ ಆಸೆ ಎಷ್ಟಿತ್ತೆಂದರೆ, ಬೇರೆ ಹೆಂಗಸರು ಸೀರೆ ಅಂಗಡಿಯ ಕನಸು ಕಾಣುವಾಗ ನಾನು ದೊಡ್ಡ ಮೈಕ್ರೋಸ್ಕೋಪಿನ ಕನಸು ಕಾಣುತ್ತಿದ್ದೆ. ನಗಬೇಡಿ, ನಿಜ.

ನಮ್ಮಂಥ ಕಾಲೇಜುಗಳ ಅಧ್ಯಾಪಕರಿಗೆ ಸಂಶೋಧನೆಯ ತರಬೇತಿ ಕೊಡುವ ಫೆಲೋಶಿಪ್ ಒಂದಿದೆ ಎಂದು ತಿಳಿದಾಗ ಅರ್ಜಿ ಹಾಕಿದೆ, ಆಯ್ಕೆಯೂ ಆದೆ. ಧಾರವಾಡದ ಒಂದು ಪ್ರಯೋಗಾಲಯದಲ್ಲಿ ಎರಡು ವರ್ಷ ಪೂರ್ತಿ ಸಮಯ ಇದ್ದು ಕಲಿಯಬೇಕು, ಆಮೇಲೆ ಇದೇ ಕಾಲೇಜಿಗೆ ಮರಳಬೇಕು. ಅಲ್ಲಿಯವರೆಗೆ ಕಾಲೇಜು ನನ್ನನ್ನು ಬಿಟ್ಟುಕೊಟ್ಟು, ನನ್ನ ಜಾಗಕ್ಕೆ ಬೇರೆಯವರನ್ನು ಹಾಕಿಕೊಳ್ಳಬೇಕು. ಅದಕ್ಕೊಂದು ವಯಸ್ಸಿನ ಮಿತಿಯಿತ್ತು. ನಾನು ಆ ಮಿತಿಯ ಅಂಚಿನಲ್ಲಿದ್ದೆ. ಆ ವರ್ಷ ಹೋದರೆ ಹೋದೆ, ಇಲ್ಲದಿದ್ದರೆ ಇಲ್ಲ.

ಇಲ್ಲಿ ನೀವು ನನ್ನ ಗಂಡನ ಮೇಲೆ ಅನುಮಾನ ಪಡಬಹುದು. ಪಡಬೇಡಿ. ಕಿತ್ತೂರಿನ ಹೈವೇ ಪಕ್ಕದಲ್ಲಿ ಟೈರಿನ ಅಂಗಡಿ ಇಟ್ಟಿರುವ ಅವರು ಕೈ ಒರೆಸಿಕೊಳ್ಳುತ್ತ "ಹೋಗು ನೀ. ಮನಿ ನಾ ನೋಡ್ಕೋತೇನಿ. ರೊಟ್ಟಿ ಖಾನಾವಳಿಯಿಂದ ತರ್ತೇನಿ" ಎಂದರು. ಅವರು ಬೇಡವೆಂದಿದ್ದರೆ ಜಗಳ ಆಡಬಹುದಿತ್ತು. ಜಗಳದಲ್ಲಿ ನನ್ನನ್ನು ಗೆದ್ದವರಿಲ್ಲ. ನನ್ನನ್ನು ಕಟ್ಟಿಹಾಕಿದ್ದು ಜಗಳ ಆಡಲು ಬರದಂಥ ಪ್ರೀತಿ.

ನಮ್ಮ ಸಂಸ್ಥೆಯ ಅಧ್ಯಕ್ಷರು ಅರಳೆ ವ್ಯಾಪಾರದ ಹಿರಿಯರು. ತಮ್ಮ ಹೆಣ್ಣುಮಕ್ಕಳನ್ನು ಬೆಳಗಾವಿಗೆ ಕಳಿಸಿ ಓದಿಸಲಾಗದ ನೋವಿಗೆ ಈ ಕಾಲೇಜು ಕಟ್ಟಲು ಮುಂದಾದವರು. ಸುದ್ದಿ ಕೇಳಿದ್ದೇ ನನ್ನ ತಲೆಯ ಮೇಲೆ ಕೈಯಿಟ್ಟರು. "ಹೋಗಿ ಬಾ ಬೇಟಾ. ಎರಡ ಬೆಂಚಿನ ಹುಡಿಗ್ಯಾರನ್ನ ಯಾರರ ನೋಡ್ಕೋತಾರ. ಮೊದಲ ನಿನ್ನ ಸತ್ಕಾರ ಆಗಲಿ" ಎಂದರು. ಸತ್ಕಾರ ಈಗ ಬೇಡ, ಮುಗಿಸಿ ಬಂದ ಮೇಲೆ ಮಾಡಿರಿ ಎಂದೆ. "ಅದು ಬ್ಯಾರೆ, ಇದು ಬ್ಯಾರೆ" ಎಂದು ನಕ್ಕರು.

ಸತ್ಕಾರ ಜೋರಾಗಿಯೇ ಆಯಿತು. ಹೆಗಲ ಮೇಲೆ ಶಾಲು ಏರಿ ಏರಿ ಬೇಸಗೆಯಲ್ಲಿ ಬೆವರಿ ಹೋದೆ. ಆಮೇಲೆ ಅಧ್ಯಕ್ಷರು ನನ್ನ ಫೋಟೋ ಹಾಕಿ ಫ್ಲೆಕ್ಸ್ ಮಾಡಿಸಿದರು. ಕಾಲೇಜಿನ ಗೇಟಿಗೊಂದು, ಕಿತ್ತೂರಿನ ಸರ್ಕಲ್ಲಿಗೊಂದು, ಸವದತ್ತಿ ಬಸ್‌ಸ್ಟ್ಯಾಂಡಿಗೊಂದು, ಸಂಪಗಾಂವದಲ್ಲಿ, ನೇಸರಗಿಯಲ್ಲಿ ಒಂದೊಂದು. ತವರಿನವರ ಮನಸ್ಸಿಗೆ ಸಂತೋಷವಾಗಲಿ ಎಂದು ರಾಮದುರ್ಗಕ್ಕೂ ಒಂದು ಕಳಿಸಿದರು. ನಮ್ಮಮ್ಮ ದಿನಾ ತರಕಾರಿಗೆ ಹೋಗುವ ದಾರಿ ಬದಲಿಸಿ ಅದರ ಮುಂದೆಯೇ ಹಾದುಹೋಗುತ್ತಿದ್ದಳಂತೆ. ಫ್ಲೆಕ್ಸ್ ಅಂಗಡಿಯವನು ನನ್ನ ಮುಖವನ್ನು ಮದುಮಗಳಂತೆ ಬೆಳ್ಳಗೆ ಮಾಡಿಬಿಟ್ಟಿದ್ದ. ಮೇಲೆ "ಧಾರವಾಡದಲ್ಲಿ ಸಂಶೋಧನಾ ತರಬೇತಿಗೆ ಆಯ್ಕೆಯಾದ ನಮ್ಮ ಹೆಮ್ಮೆಯ ಪ್ರಾಧ್ಯಾಪಕಿಗೆ ಅಭಿನಂದನೆಗಳು" ಎಂದಿತ್ತು. ಖರ್ಚು ಮಾಡಿ ಕಟ್ಟುವುದು ಕಟ್ಟುತ್ತೇವೆ, ಜಾಗ ಯಾಕೆ ಖಾಲಿ ಬಿಡುವುದು ಎಂದು ಕೆಳಗೆ ಇನ್ನೊಂದು ಸಾಲು ಸೇರಿಸಿದ್ದರು: "ಬಿ.ಎಸ್ಸಿ. ಪ್ರವೇಶ ಆರಂಭವಾಗಿದೆ."

ಜನ ಎರಡೂ ಸಾಲು ಕೂಡಿಸಿ ಓದಿದರು. ಅಥವಾ ಓದಲೇ ಇಲ್ಲ, ಫೋಟೋ ನೋಡಿದರು. ತಲೆಯ ಮೇಲೆ ಸೆರಗು ಹೊದ್ದ, ದೊಡ್ಡ ಶಾಲು ಹಾಕಿಕೊಂಡ ಒಬ್ಬ ಹೆಣ್ಣುಮಗಳು ವಿಜ್ಞಾನ ಕಲಿಸುತ್ತಾಳೆ ಎನ್ನುವುದಷ್ಟೇ ಅವರಿಗೆ ಬೇಕಾಗಿತ್ತು. ಜೂನ್ ತಿಂಗಳಲ್ಲಿ ಕಾಲೇಜಿನ ಅಂಗಳದ ತುಂಬ ಅಪ್ಪಂದಿರು, ಅಮ್ಮಂದಿರು. ನೇಸರಗಿಯಿಂದ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದು ನನ್ನ ಕೈ ಹಿಡಿದುಕೊಂಡಳು. "ಇಕಿ ಅಪ್ಪ ಸುತಾರಾಂ ಒಲ್ಲೆ ಅಂದಿದ್ರು ನೋಡ್ರಿ. ಬಸ್‌ಸ್ಟ್ಯಾಂಡಿನ್ಯಾಗ ನಿಮ್ಮ ಫೋಟೋ ನೋಡಿ ಬಂದು, ಹಚ್ಚು ಹೆಸರ ಅಂದ್ರು" ಎಂದಳು. ಮಗಳು ನನ್ನ ನಿಜವಾದ ಮುಖವನ್ನು ಫ್ಲೆಕ್ಸಿನ ಮುಖದ ಜೊತೆ ತಾಳೆ ಹಾಕುತ್ತ ನಿಂತಿದ್ದಳು. ಎರಡು ಬೆಂಚಿನ ತರಗತಿ ಹಿಂದಿನ ಗೋಡೆಯವರೆಗೆ ತುಂಬಿತು, ಪಕ್ಕದ ಕೋಣೆಯಿಂದ ಬೆಂಚು ತರಿಸಿದೆವು. ಮೊದಲ ದಿನ ಆ ತುಂಬಿದ ತರಗತಿ ನೋಡಿ ನನಗೆ ಕುಣಿಯುವಷ್ಟು ಸಂತೋಷವಾಯಿತು. ಸಂಜೆ ಮನೆಗೆ ಬಂದು ಚಹಾ ಕುಡಿಯುವಾಗ, ಇವರನ್ನೆಲ್ಲ ಬಿಟ್ಟು ಹೋಗುವುದು ಹೇಗೆ ಎಂಬ ಯೋಚನೆ ಹತ್ತಿತು.

ಮರುವಾರ ಅಧ್ಯಕ್ಷರು ಕರೆಸಿದರು. ಎದುರಿಗೆ ಕೂರಿಸಿ ತಾವೇ ಚಹಾ ಬಸಿದು ಕೊಟ್ಟರು. ಅವರು ಚಹಾ ಬಸಿದು ಕೊಟ್ಟರೆಂದರೆ ಏನೋ ಕೇಳುವುದಿದೆ ಎಂದೇ ತಿಳಿಯಬೇಕು.

"ಬೇಟಾ, ಇಷ್ಟು ಹುಡಿಗ್ಯಾರು ನಿನ್ನ ಫೋಟೋ ನೋಡಿ ಬಂದಾರ. ನೀನ ಇಲ್ಲಂದ್ರ ಅವರ ಅಪ್ಪಂದ್ರಿಗೆ ನಾ ಏನ ಹೇಳ್ಲಿ?"

"ನಾ ಹೋಗಾಕಿ ಅಂತನ ಅದರಾಗ ಬರದೈತಲ್ರಿ ಸಾಹೇಬ್ರ."

"ಅದನ್ನ ಯಾರ ಓದ್ತಾರ?" ಎಂದರು, ನಿಜವಾಗಿ ಆಶ್ಚರ್ಯಪಟ್ಟು. ಆಮೇಲೆ ಮೆಲ್ಲಗೆ, "ನಾ ಬ್ಯಾಡ ಅನ್ನೂದಿಲ್ಲ. ನಿನ್ನ ಜಾಗಾಕ್ಕ ಒಬ್ಬ ಹೆಣ್ಣಮಗಳನ್ನ ಹುಡಿಕಿ ಕೊಡು, ಖುಷಿಲೆ ಹೋಗು" ಎಂದರು.

ಹುಡುಕಿದೆ. ಸವದತ್ತಿಯ ಒಬ್ಬಳು ಒಪ್ಪಿಕೊಂಡಳು, ಮದುವೆ ಗೊತ್ತಾಯಿತೆಂದು ಬಿಟ್ಟಳು. ಬೆಳಗಾವಿಯಿಂದ ಒಬ್ಬಳು ಬಂದು, ಬೂಷ್ಟು ಹಿಡಿದ ಮೈಕ್ರೋಸ್ಕೋಪನ್ನು ನೋಡಿ, ಮರುದಿನ ಫೋನ್ ಎತ್ತಲಿಲ್ಲ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಗಂಡಸರು ಬರಲು ತಯಾರಿದ್ದರು, ಆದರೆ ಹುಡುಗಿಯರ ಮನೆಯವರು ಗೇಟಿನ ಫೋಟೋಕ್ಕೆ ತಲೆದೂಗಿ ಬಂದವರು. ಮೀಸೆಯಿರುವ ಸಸ್ಯಶಾಸ್ತ್ರಕ್ಕೆ ಒಪ್ಪುವುದಿಲ್ಲ ಎಂದು ಅಧ್ಯಕ್ಷರು ಕೈ ಚೆಲ್ಲಿದರು. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅದೇ ನನಗೆ ಸಂಕಟ. ಸುಳ್ಳು ಹೇಳುವ ಮನುಷ್ಯನನ್ನಾದರೂ ದಾಟಿ ಹೋಗಬಹುದು.

ಧಾರವಾಡದ ಪ್ರಯೋಗಾಲಯದ ಪ್ರಾಧ್ಯಾಪಕಿ ಒಳ್ಳೆಯವರು. ಒಮ್ಮೆ ಗಡುವು ಮುಂದಕ್ಕೆ ಹಾಕಿಸಿಕೊಟ್ಟರು. "ದಸರಾ ಸೂಟಿ ಮುಗಿಯೂದರೊಳಗ ಬಂದು ಸೇರ್ರಿ. ಅದರ ಮ್ಯಾಲೆ ನನ್ನ ಕೈಯಾಗ ಏನೂ ಇಲ್ರಿ" ಎಂದರು. ಧಾರವಾಡವೇನು ದೂರವೇ? ಬೆಳಿಗ್ಗೆ ನಾನು ಕಾಲೇಜಿನ ಗೇಟು ದಾಟುವಾಗ ಧಾರವಾಡದ ಬೋರ್ಡು ಹಾಕಿಕೊಂಡ ಬಸ್ಸು ನನ್ನ ಪಕ್ಕದಲ್ಲೇ ತಿರುಗುತ್ತಿತ್ತು. ಕಂಡಕ್ಟರ್ ಬಾಗಿಲಲ್ಲಿ ನಿಂತು "ಧಾರವಾಡ, ಧಾರವಾಡ" ಎಂದು ಕೂಗುತ್ತಿದ್ದ. ಅಮೆರಿಕಕ್ಕೆ ಹೋಗಲಾಗದವರಿಗೆ ಇಂಥ ಕಷ್ಟವಿಲ್ಲ, ವಿಮಾನ ಅವರ ಮನೆ ಮುಂದೆ ನಿಂತು ಕೂಗುವುದಿಲ್ಲ.

ದಸರಾ ಸೂಟಿ ಮುಗಿಯುವ ದಿನ ನಾನು ಬಸ್‌ಸ್ಟ್ಯಾಂಡಿಗೆ ಹೋದದ್ದು ನಿಜ. ಬ್ಯಾಗು ಹಿಡಿದಿದ್ದೆ. ಯಾರಿಗೂ ಹೇಳದೆ ಹೋಗಿ ಸೇರಿಬಿಡುತ್ತೇನೆ, ಆಮೇಲೆ ಬೇಕಾದ್ದಾಗಲಿ ಎಂದುಕೊಂಡಿದ್ದೆ. ಬಸ್ಸು ಹತ್ತುವಷ್ಟರಲ್ಲಿ ನೇಸರಗಿಯ ಬಸ್ಸು ಬಂತು. ಮರುದಿನದ ಕಾಲೇಜಿಗೆಂದು ಚಿಕ್ಕಮ್ಮನ ಮನೆಯಲ್ಲಿ ಉಳಿಯಲು ಬಂದಿದ್ದ, ಪ್ರವೇಶದ ದಿನ ನನ್ನ ಮುಖ ತಾಳೆ ಹಾಕಿದ್ದ ಆ ಹುಡುಗಿ, ಅವಳ ಜೊತೆ ಇನ್ನಿಬ್ಬರು, ಇಳಿದವರೇ ನನ್ನನ್ನು ಸುತ್ತುವರಿದರು. "ಮೇಡಂ, ಊರಿಗೆ ಹೊಂಟೀರೇನ್ರಿ? ನಾಳೆ ಪ್ರಾಕ್ಟಿಕಲ್ ಐತಲ್ರಿ?" ನಾನು ಕಂಡಕ್ಟರನ ಕಡೆ ನೋಡಿದೆ. ಅವನು ಸೀಟಿ ಊದಿದ. "ಎಲ್ಲೂ ಇಲ್ಲವಾ. ಹಂಗ ಬಂದಿದ್ದೆ" ಎಂದೆ. ಮನೆಗೆ ಬಂದು ಬ್ಯಾಗು ಎಸೆದೆ. ಅಳು ಬರಲಿಲ್ಲ, ಸಿಟ್ಟು ಬಂತು. ಅಧ್ಯಕ್ಷರ ಮೇಲೆ ತೀರಿಸಿಕೊಳ್ಳಲಾಗದ ಸಿಟ್ಟು, ಆ ಹುಡುಗಿಯರ ಮೇಲಂತೂ ತೋರಿಸಲಾಗದ ಸಿಟ್ಟು. ಗಂಡನ ಮೇಲೆ ತೀರಿಸಿಕೊಂಡೆ. ಪಾಪ, ಅವರು ಸುಮ್ಮನೆ ಖಾನಾವಳಿಯ ರೊಟ್ಟಿ ಬಿಚ್ಚಿಟ್ಟರು.

ಗೇಟಿನ ಫ್ಲೆಕ್ಸನ್ನು ಮಾತ್ರ ಯಾರೂ ಬಿಚ್ಚಲಿಲ್ಲ. ದಿನಾ ಬೆಳಿಗ್ಗೆ ನಾನು ಅದರ ಕೆಳಗೆ ಹಾದು ಒಳಗೆ ಹೋಗಬೇಕು. ಆ ಬೆಳ್ಳನೆಯವಳು ಎಲ್ಲಿಗೋ ಹೊರಟವಳಂತೆ ನಗುತ್ತಿದ್ದಳು. ಅವಳನ್ನು ಕಂಡರೆ ನನಗೆ ಆಗುತ್ತಿರಲಿಲ್ಲ.

ಈ ಜನವರಿಯಲ್ಲಿ, ಈಗ ಎರಡನೇ ವರ್ಷಕ್ಕೆ ಬಂದಿರುವ ಅದೇ ಹುಡುಗಿಯರನ್ನು ಕರೆದುಕೊಂಡು ಕಾಡಿಗೆ ಹಿಡಿದ ತೆನೆ ತರಲು ನೇಸರಗಿಗೆ ಹೋದೆ. ಬಸ್‌ಸ್ಟ್ಯಾಂಡಿನಲ್ಲಿ ಎದುರಾಗಿದ್ದ ಆ ಹುಡುಗಿಯ ಅಪ್ಪನ ಹೊಲದಲ್ಲಿ ಜೋಳ ಎದೆಯೆತ್ತರ ನಿಂತಿತ್ತು. ಹುಡುಗಿಯರು ಬದುವಿನ ಗುಂಟ ಚದುರಿದರು. ನಾನು ಹೊಲದ ಅಂಚಿನ ಮನೆಯ ಕಡೆ ತಿರುಗಿದೆ, ಅಲ್ಲಿ ಹೋದ ವರ್ಷದ ಕಣಕಿಯ ಬಣವಿ ಇತ್ತು. ದನಕ್ಕೆ ಹಾಕುವ ಮೇವು ಮಳೆಗೆ ನೆನೆಯಬಾರದೆಂದು ಅದರ ಮೇಲೆ ಒಂದು ಫ್ಲೆಕ್ಸ್ ಹೊದಿಸಿ, ನಾಲ್ಕೂ ಕಡೆ ಹಗ್ಗ ಕಟ್ಟಿ, ಹಗ್ಗಕ್ಕೆ ಕಲ್ಲು ತೂಗಿಬಿಟ್ಟಿದ್ದರು. ಬಿಸಿಲಿಗೆ ಬಣ್ಣ ಹೋಗಿತ್ತು. ಆದರೂ ಗುರುತು ಹತ್ತದಿರಲು ಹೇಗೆ ಸಾಧ್ಯ? ನನ್ನದೇ ಮುಖ, ಗಲ್ಲದ ಕೆಳಗೆ ಬಿಗಿದ ಹಗ್ಗ.

ಹುಡುಗಿಯ ಅಪ್ಪ ಟಾವೆಲ್ಲಿನಿಂದ ಹೊರಸು ಒರೆಸಿ ಕೂರಿಸಿದರು. "ಬಸ್‌ಸ್ಟ್ಯಾಂಡಿನ್ಯಾಗ ಗಾಳಿಗೆ ಹರಕೊಂಡು ಬಿದ್ದಿತ್ರಿ. ನಮ್ಮ ಮೇಡಮ್ಮಾರು ಮಂದಿ ಕಾಲಾಗ ಬೀಳಬಾರದಂತ ತಂದೆ. ಮಳಿಗಾಲದಾಗ ಒಂದ ಹನಿ ಒಳಗ ಹೋಗಿಲ್ರಿ" ಎಂದರು. ಅಷ್ಟು ಅಭಿಮಾನದಿಂದ ಹೇಳುವವರ ಮುಂದೆ ನಾನು ನಕ್ಕೆ. ಅವರು ಮುಂದುವರಿಸಿದರು. "ಧಾರವಾಡದಾಗ ಅಷ್ಟು ಕಲ್ತು ಬಂದವರು ಹುಟ್ಟಿದ ಸೀಮಿ ಬಿಡಲಿಲ್ಲ ನೋಡ್ರಿ ನೀವು. ಅದಕ್ಕ ನಾ ಮಗಳನ್ನ ಕಳಿಸಿದ್ದು."

ಕಲಿತು ಬಂದವರು! ನಾನು ಬಾಯಿ ತೆರೆದೆ. ಅಷ್ಟರಲ್ಲಿ ಹುಡುಗಿಯ ತಾಯಿ ಬಾಗಿಲಿಗೆ ಬಂದು "ಒಳಗ ಬರ್ರಿ ಮೇಡಂ, ರೊಟ್ಟಿ ಬಿಸಿ ಅದಾವು" ಎಂದು ಕರೆದಳು. ಒಳಗೆ ಹೋದರೆ ಒಲೆಯ ಮೇಲೆ ಹಂಚೂ ಇರಲಿಲ್ಲ. ಅವಳು ನನ್ನ ಕೈ ಹಿಡಿದುಕೊಂಡಳು, ಪ್ರವೇಶದ ದಿನ ಹಿಡಿದುಕೊಂಡ ಹಾಗೆಯೇ.

"ಮಗಳು ಹೇಳ್ಯಾಳ್ರಿ ನನಗ, ನೀವು ಹೋಗೇ ಇಲ್ಲಂತ. ಇವರಿಗೆ ಗೊತ್ತಿಲ್ರಿ. ಅಲ್ಲಿ ಕಲ್ತು ಬಂದಾಕಿ ಕೈಯಾಗ ಓದಾಕತ್ತಾಳಂತ ಊರ ಮಂದಿ ಮುಂದೆಲ್ಲ ಹೇಳ್ಕೊಂಡಾರ. ಇಲ್ಲಂತ ಗೊತ್ತಾದ್ರ ಇವತ್ತ ಬಿಡಸ್ತಾರ್ರಿ ಇಕಿನ್ನ. ಇನ್ನೊಂದ ವರ್ಸದ ಮಾತ್ರಿ."

ಇಷ್ಟು ದಿನ ಹೋಗಲು ಬಿಟ್ಟಿರಲಿಲ್ಲ. ಈಗ ಹೋಗಲಿಲ್ಲ ಎಂದು ಹೇಳುವುದಕ್ಕೂ ಬಿಡುವುದಿಲ್ಲ. ನನ್ನ ಪಾಲಿಗೆ ಉಳಿದಿದ್ದ ಆ ಒಂದು ದುಃಖವನ್ನೂ ಇವಳ ಕೈಗೆ ಕೊಟ್ಟು ಹೋಗಬೇಕಿತ್ತು.

ಹೊರಗೆ ಬಂದೆ. ಹುಡುಗಿ ಕಾಡಿಗೆ ಹಿಡಿದ ತೆನೆಯೊಂದನ್ನು ಹಿಡಿದು ಅಪ್ಪನ ಪಕ್ಕದಲ್ಲಿ ನಿಂತಿದ್ದಳು. ನನ್ನ ಮುಖ ನೋಡಿ ತಲೆ ತಗ್ಗಿಸಿದಳು. ಅವಳ ಬೆರಳೆಲ್ಲ ಕಪ್ಪಾಗಿತ್ತು.

"ಹೆಂಗಿತ್ರಿ ಮೇಡಂ ಧಾರವಾಡದಾಗ?" ಅಪ್ಪ ಕೇಳಿದರು. "ದೊಡ್ಡ ದೊಡ್ಡ ಮಷೀನ್ ಇರತಾವಂತಲ್ರಿ. ಇದನ್ನೂ ನೋಡಿರೇನ್ರಿ ಅದರಾಗ?"

ನಾನು ಹುಡುಗಿಯ ಕೈಯಿಂದ ತೆನೆ ತೆಗೆದುಕೊಂಡೆ.

"ನೋಡೇನ್ರಿ" ಎಂದೆ. "ಒಂದೊಂದು ಕಣಾನೂ ಗುಂಡಗ ಕಾಣತೈತ್ರಿ. ಮೈ ತುಂಬ ಸಣ್ಣ ಸಣ್ಣ ಮುಳ್ಳು ಇರತಾವು. ಭಾಳ ಚಂದ ಇರತೈತ್ರಿ."