ಅವ್ವನ ಹತ್ತಿ

ಅಣ್ಣ ಸತ್ತಾಗ ಅವನಿಗೆ ಇಪ್ಪತ್ತೆರಡು, ನನಗೆ ಹದಿನೈದು. ಶ್ರೀಲಂಕಾದ ಕಾಡಿನಲ್ಲಿ ಯುದ್ಧ ನಡೆದಿತ್ತು, ಅವನು ನಮ್ಮ ಸೈನ್ಯದ ತೋಪಿನ ದಳದಲ್ಲಿದ್ದ. ಉಣಕಲ್ಲಿನ ನಮ್ಮ ಓಣಿಯವರು ಇಂದಿಗೂ ಅವನನ್ನು ವೀರ, ಶೂರ ಎನ್ನುತ್ತಾರೆ. ಅನ್ನಲಿ ಬಿಡಿ. ನನಗೆ ನೆನಪಿರುವುದು ನನ್ನ ಪಾಲಿನ ಶೇಂಗಾ ಹೋಳಿಗೆ ಕದ್ದು ತಿಂದು ಬೆಕ್ಕಿನ ಮೇಲೆ ಹೊರಿಸುತ್ತಿದ್ದ ಪುಣ್ಯಾತ್ಮ.

ಮೊದಲ ರಜೆಗೆ ಬಂದಾಗ ಅವನು ಆಡಿದ ಮಾತೆಲ್ಲ ಕೂಗಿದಂತಿತ್ತು. ತೋಪಿನ ಸದ್ದಿಗೆ ಕಿವಿ ಗುಂಯ್ಗುಡುತ್ತದೆ ಎಂದ. ಅವ್ವ ಆಗ ದೇವರ ದೀಪಕ್ಕೆ ಬತ್ತಿ ಹೊಸೆಯುತ್ತ ಕೂತಿದ್ದಳು. ಬೀಜ ತೆಗೆದು ನವಿರಾಗಿ ಹಿಂಜಿದ ಹತ್ತಿ. ಅದರಲ್ಲೇ ಒಂದು ಚೂರು ಉಂಡೆ ಮಾಡಿ ಅವನ ಕಿವಿಗೆ ತುರುಕಿದಳು. ಅಲ್ಲಿಂದ ಶುರುವಾಯಿತು ನೋಡಿ, ತಿಂಗಳಿಗೊಂದು ಹತ್ತಿಯ ಪಾರ್ಸಲ್. ಬಟ್ಟೆ ಸುತ್ತಿ ಹೊಲಿಯುವುದು, ವಿಳಾಸ ಬರೆಯುವುದು ನನ್ನ ಪಾಲಿನ ಕೆಲಸ. ಕಿವಿಯಲ್ಲಿ ಇಟ್ಟುಕೊಳ್ಳುವುದನ್ನು ಮರೆಯಬೇಡ ಎಂದು ಬರೆ ಅಂತ ಪ್ರತಿ ಸಲವೂ ಹೇಳುವಳು. ನಾನು ಗೊಣಗುತ್ತಲೇ ಬರೆಯುತ್ತಿದ್ದೆ.

ಅಣ್ಣ ಸತ್ತ ಎರಡು ತಿಂಗಳಿಗೆ ಅವನ ಟ್ರಂಕು ಹೊತ್ತು ಜೊತೆಗಾರ ಸಿಪಾಯಿಯೊಬ್ಬ ಮನೆಗೆ ಬಂದ. ಉತ್ತರದ ಕಡೆಯವ, ಹಿಂದಿ ಬಿಟ್ಟರೆ ಬೇರೇನೂ ಬಾರದು. ಅವ್ವನಿಗೆ ಕನ್ನಡ ಬಿಟ್ಟರೆ ಬಾರದು. ಓಣಿಯ ಮುಸ್ಲಿಂ ಮನೆಯವರೂ ಅವಳ ಜೊತೆ ಕನ್ನಡವನ್ನೇ ಆಡುತ್ತಿದ್ದರು. ಅಪ್ಪ ಮೊದಲೇ ತೀರಿಹೋಗಿದ್ದ. ಶಾಲೆಯ ಹಿಂದಿ ಕಲಿತ ನಾನೇ ನಡುವೆ ಕೂತೆ.

"ಹೆಂಗ ಹೋದ ಅಂತ ಕೇಳ" ಎಂದಳು ಅವ್ವ.

ಅವನು ನೆಲ ನೋಡುತ್ತ ಹೇಳಿದ. ಇವರು ತೋಪು ಹಾರಿಸುತ್ತಿದ್ದಾಗ ಮರಗಳ ಮರೆಯಿಂದ ಗುಂಡು ಬರತೊಡಗಿದವಂತೆ. ಮಲಗು, ಮಲಗು ಎಂದು ಎಲ್ಲರೂ ಕೂಗಿದರಂತೆ. ಉಳಿದವರು ನೆಲಕ್ಕೆ ಬಿದ್ದರು, ಅಣ್ಣ ನಿಂತೇ ಇದ್ದ. ಕಿವಿಯಲ್ಲಿ ಹತ್ತಿ ಇತ್ತು, ಅವನಿಗೆ ಕೇಳಲೇ ಇಲ್ಲ ಎಂದು ಸಿಪಾಯಿ ತನ್ನ ಕಿವಿ ಮುಟ್ಟಿಕೊಂಡ.

ಅವ್ವ ನನ್ನ ಬಾಯನ್ನೇ ನೋಡುತ್ತಿದ್ದಳು. ಇದನ್ನು ಕನ್ನಡದಲ್ಲಿ ಹೇಳಿದರೆ ಇವಳು ಉಳಿಯುವುದಿಲ್ಲ ಅನ್ನಿಸಿತು. ಸುಳ್ಳು ಕಟ್ಟುವುದಕ್ಕೂ ಒಂದಿಷ್ಟು ಹೊತ್ತು ಬೇಕು, ನನಗೆ ಅದೂ ಇರಲಿಲ್ಲ.

"ಒಮ್ಮೆಲೆ ಗುಂಡು ಬಂದ್ವಂತ. ಯಾರಿಗೂ ಗೊತ್ತಾಗಲಿಲ್ಲಂತ. ಅಣ್ಣಗ ನೋವಾಗಲಿಲ್ಲಂತ, ಅವ್ವಾ."

ಸಿಪಾಯಿ ಏನೂ ತಿಳಿಯದೆ ತಲೆಯಾಡಿಸಿದ. ಅವ್ವ ಅವನಿಗೆ ಚಹಾ ಇಡು ಎಂದಳು. ಟ್ರಂಕಿನಲ್ಲಿ ಅರ್ಧ ಖಾಲಿಯಾದ ಹತ್ತಿಯ ಪೊಟ್ಟಣವಿತ್ತು. ಮರುದಿನದಿಂದ ಅವಳು ಬತ್ತಿ ಹೊಸೆಯುವುದನ್ನೇ ಬಿಟ್ಟು ಅಂಗಡಿಯಿಂದ ತರಿಸತೊಡಗಿದಳು. ದುಃಖಕ್ಕೆ ಕೈ ಓಡುತ್ತಿಲ್ಲ, ಪಾಪ, ಎಂದುಕೊಂಡೆ. ನನ್ನ ಜಾಣತನದ ಮೇಲೆ ನನಗೆ ಅಷ್ಟು ಭರವಸೆ.

ಈಗ ಅವ್ವ ನವನಗರದಲ್ಲಿ ನನ್ನ ಜೊತೆಗಿದ್ದಾಳೆ. ಎಂಬತ್ತು ದಾಟಿದೆ, ಕಿವಿ ಮಂದ. ಹೋದ ತಿಂಗಳು ಕಿವಿಯ ಮಷಿನ್ ತಂದೆ. ಹಾಕಲು ಹೋದರೆ ಮುಖ ತಿರುಗಿಸಿದಳು. ನಾನೇನು ದಿನವಿಡೀ ಗಂಟಲು ಹರಿದುಕೊಳ್ಳಬೇಕೇ ಎಂದು ರೇಗಿದೆ. ಕೈ ಹಿಡಿದು ಮತ್ತೆ ಹಾಕಲು ನೋಡಿದೆ.

"ಕಿವ್ಯಾಗ ಏನೂ ಇಡಬ್ಯಾಡ" ಎಂದು ನನ್ನ ಕೈ ತಳ್ಳಿದಳು. "ಆ ಸಿಪಾಯಿ ತನ್ನ ಕಿವಿ ಮುಟ್ಟಿ ತೋರ್ಸಿದ್ದು ನಾ ನೋಡೇನಿ."

ಮಷಿನ್ ಕೆಳಗಿಟ್ಟೆ. ಇಷ್ಟು ವರ್ಷ ಯಾಕೆ ಸುಮ್ಮನಿದ್ದೆ ಎಂದು ಕೇಳಿದೆ. ಅವಳಿಗೆ ಕೇಳಿಸಲಿಲ್ಲ. ಎರಡನೆಯ ಸಲ ಅದನ್ನೇ ಕೂಗಬೇಕಾಯಿತು.

"ಹತ್ತಿ ನಂದು. ಖರೇ, ಆದ್ರ ಪಾರ್ಸಲ್ ಹೊಲಿದಾಕಿ, ಮರೀಬ್ಯಾಡ ಅಂತ ಬರದಾಕಿ ನೀ. ನಾ ಅದನ್ನ ಹೇಳಿ ಅತ್ತಿದ್ರ, ನಿನ್ನ ಕೈನೂ ಅದರಾಗ ಇತ್ತಂತ ನಿನಗ ಹೊಳೀತಿತ್ತು."

ಇಷ್ಟು ವರ್ಷಗಳಲ್ಲಿ ಒಂದು ದಿನವೂ ನನಗೆ ಅದು ಹೊಳೆದಿರಲಿಲ್ಲ. ಹೊಳೆಯದಂತೆ ಅವಳು ನೋಡಿಕೊಂಡಿದ್ದಳು. ನಾನು ಅವಳ ಪಕ್ಕದಲ್ಲಿ ಕೂತು ಅತ್ತೆ.