ಅವ್ವನ ದನಿ ಇಳಿಸಿದ್ದು

ಮೊನ್ನೆ ಮಗ ನನ್ನ ಎದುರಿಗೇ ಕೂತು, ನಾನು ಕಳಿಸಿದ್ದ ಧ್ವನಿ ಸಂದೇಶವನ್ನು ಮೊಬೈಲಿನಲ್ಲಿ ದುಪ್ಪಟ್ಟು ವೇಗದಲ್ಲಿ ಓಡಿಸಿ ಕೇಳುತ್ತಿದ್ದ. ದನಿ ನನ್ನದೇ, ಅವಸರ ಮಾತ್ರ ಯಾರದ್ದೋ. “ಅವ್ವಾ, ನೀ ಭಾಳ ಸಾವಕಾಶ ಮಾತಾಡ್ತಿ. ಅಷ್ಟೊತ್ತು ಯಾರ್ ಕೇಳಬೇಕು?” ಎಂದ. ಹೆತ್ತವಳನ್ನು ಓಡಿಸಿ ಕೇಳುವ ಕಾಲ ಬಂತಲ್ಲ ಎಂದು ಸಿಟ್ಟೇನೋ ಬಂತು. ಆದರೆ ಬೈಯಲು ನನಗೆಲ್ಲಿ ಬಾಯಿ? ನಾನೂ ನನ್ನ ಅವ್ವನನ್ನು ಬಹಳ ವರ್ಷ ಓಡಿಸಿಯೇ ಕೇಳಿದವಳು.

ನಾನು ತೊಟ್ಟಿಲಲ್ಲಿದ್ದಾಗಲೇ ಅವ್ವ ತೀರಿಕೊಂಡಳು. ಉಳಿದದ್ದು ಒಂದು ಕ್ಯಾಸೆಟ್ಟು. ನನ್ನನ್ನು ತೂಗುತ್ತ ಅವಳು ಹಾಡಿದ ಜೋಗುಳವನ್ನು ಸೋದರಮಾವ ಟೇಪಿನಲ್ಲಿ ತುಂಬಿಸಿದ್ದ. ಸೆಲ್ಲು ಮುಗಿಯುತ್ತ ಬಂದು ಅವತ್ತು ರೀಲು ನಿಧಾನ ಸುತ್ತಿತ್ತಂತೆ. ಹಾಗಾಗಿ ಸರಿಯಾದ ವೇಗದಲ್ಲಿ ಸುತ್ತುವ ಬೇರೆ ಟೇಪಿಗೆ ಹಾಕಿದರೆ ಅವ್ವ ಎಳೆ ಹುಡುಗಿಯ ಸಣ್ಣ ದನಿಯಲ್ಲಿ ಓಡೋಡಿ ಹಾಡುತ್ತಿದ್ದಳು. ಮಲಗಿದ ಕೂಸೂ ಎದ್ದು ಕೂಡಬೇಕು, ಅಂಥ ಜೋಗುಳ. ನನಗೆ ಅವ್ವನೆಂದರೆ ಅದೇ. ಯಾರಾದರೂ ಬೈದರೆ ಅದನ್ನೇ ಹಾಕಿಕೊಂಡು ಕೂಡುತ್ತಿದ್ದೆ. ಅಕ್ಕ ಮಾತ್ರ ಎದ್ದು ಹೊರಗೆ ಹೋಗುತ್ತಿದ್ದಳು. ನನಗಿಂತ ಬಹಳ ದೊಡ್ಡವಳು. ಅವ್ವನ ನಿಜವಾದ ದನಿ ಅವಳಿಗೆ ನೆನಪಿತ್ತು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ದಿನ ಅಕ್ಕ ತಾಳಿಕೋಟೆಯಿಂದ ಆಲಮೇಲದ ನಮ್ಮ ಮನೆಗೆ ಬಂದವಳೇ, “ಸಿಂದಗ್ಯಾಗ ಭಜನಿ ಕ್ಯಾಸೆಟ್ ಮಾಡಾಂವ ಕಂಪ್ಯೂಟರ್ ತಂದಾನಂತ. ನಡಿ, ಅವ್ವನ್ನ ಸರಿ ಮಾಡಿಸ್ಕೊಂಡು ಬರೋಣು” ಎಂದಳು.

ಸ್ಟುಡಿಯೋದ ಮಲ್ಲಣ್ಣ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಮೊದಲು ವೇಗ ತಗ್ಗಿಸಿದ. ಅಕ್ಕ ಕಣ್ಣು ಮುಚ್ಚಿ, ಅಲ್ಲಿಲ್ಲದ ತೊಟ್ಟಿಲಿನ ಹಗ್ಗ ಎಳೆಯುತ್ತ ಕೂತಳು. ಕೈಗೂ ಹಾಡಿಗೂ ಹೊಂದಿಕೆಯಾಯಿತು. ಆದರೆ ದನಿ ಸಣ್ಣದಾಗಿಯೇ ಉಳಿದಿತ್ತು. “ಹಾಡು ಸಾವಕಾಶ ಆತ್ರಿ, ಅವ್ವ ಬರಲಿಲ್ಲ” ಎಂದಳು.

ಆಗ ಮಲ್ಲಣ್ಣ ಶ್ರುತಿಗೆ ಕೈ ಹಾಕಿದ. ಭಜನೆಯವರಿಗೆ ಮಾಡಿ ರೂಢಿಯಾದವನು, ಹಾರ್ಮೋನಿಯಂ ಪೇಟಿಯ ಕರಿ ಎರಡರ ಶ್ರುತಿಗೆ ಅವ್ವನನ್ನು ಕೂಡಿಸಿಬಿಟ್ಟ.

ಅಕ್ಕ ರೇಗಿದಳು. “ನಮ್ಮವ್ವ ಪೇಟಿ ಮುಂದ ಕೂತು ಹಾಡಿಲ್ರಿ, ತೊಟ್ಟಲ ಮುಂದ ಕೂತು ಹಾಡ್ಯಾಳ. ಇನ್ನೂ ಇಳಸ್ರಿ.”

ಅವನು ಇಳಿಸುತ್ತ ಹೋದ. ಒಂದು ಕಡೆ ಅಕ್ಕನ ಕೈ ನಿಂತಿತು. “ಬಂದ್ಳು” ಎಂದಳು.

ದಪ್ಪ, ತುಸು ಒಡಕು, ದಣಿದ ದನಿ. ನನಗೆ ಗಾಬರಿಯಾಯಿತು. ಇದ್ದ ಒಬ್ಬ ಅವ್ವನೂ ಕೈಬಿಟ್ಟುಹೋದಳು ಅನ್ನಿಸಿ ಅಳು ಬಂತು. “ಅಕ್ಕಾ, ಈಕಿ ಯಾರೋ. ನನಗ ಈಕಿ ಬ್ಯಾಡ. ನನ್ನಾಕಿನ್ನ ನನಗ ಕೊಡು” ಎಂದೆ.

ಪರದೆಯ ಕಡೆ ಮುಖ ಮಾಡಿದ್ದ ಮಲ್ಲಣ್ಣ ಗಕ್ಕನೆ ತಿರುಗಿದ. “ಈಗ ಮಾತಾಡಿದವ್ರು ನೀವೇನ್ರಿ? ಕ್ಯಾಸೆಟ್‌ನ್ಯಾಗಿನ ತಾಯಿ ಮಾತಾಡಿದ್ರು ಅಂತ ಮಾಡಿದ್ನಿ!”

ಅಕ್ಕ ನನ್ನ ಕೈ ಹಿಡಿದುಕೊಂಡಳು. ಅವಳಿಗೆ ಇದು ಹೊಸ ಸಂಗತಿಯಾಗಿರಲಿಲ್ಲ.

ಈಗಲೂ ಅಕ್ಕ ಫೋನು ಮಾಡಿ ಸುಮ್ಮನಿರುತ್ತಾಳೆ. ಕೇಳಿದರೆ, “ನೀನ ಮಾತಾಡು, ನಾ ಕೇಳ್ತೇನಿ” ಎನ್ನುತ್ತಾಳೆ. ಮಾತಿನಲ್ಲೂ ಜಿಪುಣಿ ಎಂದು ಮೊದಲೆಲ್ಲ ಬೈಯುತ್ತಿದ್ದೆ. ಈಗ ಜೋಳ, ಬಿಸಿಲು, ನೆರೆಮನೆಯ ಜಗಳ ಎಂದು ಬಾಯಿಗೆ ಬಂದದ್ದನ್ನೆಲ್ಲ ಸಾವಕಾಶ ಹೇಳುತ್ತ ಹೋಗುತ್ತೇನೆ, ಅವಳು ಸಾಕು ಅನ್ನುವವರೆಗೆ.