ಅಮೀನನಿಲ್ಲದ ಕೋರ್ಟು

ಮದುವೆಯಿಲ್ಲದೆ, ಹಬ್ಬವಿಲ್ಲದೆ, ಚುನಾವಣೆಯೂ ಇಲ್ಲದೆ ಮರ್ಫಿ ಟೌನಿನ ನಮ್ಮ ಬೀದಿಯಲ್ಲಿ ತಮಟೆ ಹೊಡೆಸಿದವರು ಚಂದ್ರಾಮಪ್ಪ ಒಬ್ಬರೇ. ಅದೂ ಎಲ್ಲೋ ಜರ್ಮನಿಯಲ್ಲಿ ಕೂತ ಒಂದು ಕೋರ್ಟಿನ ಆದೇಶಕ್ಕೆ. ಆವತ್ತು ನಾನು ಅರ್ಧ ಕತ್ತರಿಸಿದ ರವಿಕೆ ಬಟ್ಟೆಯನ್ನು ಮೇಜಿನ ಮೇಲೇ ಬಿಟ್ಟು ಬೀದಿಗಿಳಿದು ಕುಣಿದುಬಿಟ್ಟೆ. ನಲವತ್ತು ದಾಟಿದ ಟೈಲರ್ ಸುಜಾತಾ ನಡುಬೀದಿಯಲ್ಲಿ ಕುಣಿದಳೆಂದು ಯಾರಾದರೂ ಆಡಿಕೊಂಡರೆ ಆಡಿಕೊಳ್ಳಲಿ. ಆ ಖುಷಿ ಹಾಗಿತ್ತು.

ಚಂದ್ರಾಮಪ್ಪ ಸೇಡಂ ಕಡೆಯವರು. ಬೆಂಗಳೂರಿನ ಸಿವಿಲ್ ಕೋರ್ಟಿನಲ್ಲಿ ಅಮೀನರಾಗಿದ್ದು ರಿಟೈರ್ ಆದವರು. ಅಮೀನ ಎಂದರೆ ಏನೆಂದು ಈಗಿನವರಿಗೆ ಗೊತ್ತಿಲ್ಲ. ಜಡ್ಜು ಕುರ್ಚಿಯಲ್ಲಿ ಕೂತು ಮನೆ ಬಿಟ್ಟುಕೊಡು ಎಂದು ಡಿಕ್ರಿ ಬರೆಯುತ್ತಾರೆ. ಆ ಡಿಕ್ರಿ ಹಿಡಿದು ಮನೆಬಾಗಿಲಿಗೆ ಹೋಗಿ, ತಮಟೆ ಬಡಿಸಿ, ಬೀದಿಯವರೆಲ್ಲ ನೋಡುವಂತೆ ಸಾರಿ, ಒಳಗಿದ್ದವರನ್ನು ಹೊರಗೆ ಕರೆದು, ಕೀಲಿಯನ್ನು ಗೆದ್ದವರ ಕೈಗೆ ಕೊಡುವವರು ಅಮೀನರು. ಇಂದಿರಾನಗರದಲ್ಲಿ ಅವರ ಜೊತೆ ನಡೆದರೆ ನಮ್ಮ ಕೆಲಸ ಕೆಟ್ಟಿತು. "ಈ ಬಿಲ್ಡಿಂಗ್ ನೋಡು ಸುಜಾತವ್ವ, ಇದರ ಬಾಗಲಾ ನಾ ತೆಗಸೀನಿ" ಎಂದು ಹೆಜ್ಜೆಗೊಂದು ಕಡೆ ನಿಲ್ಲುತ್ತಾರೆ. ಬೈಸಿಕೊಂಡಿದ್ದಾರೆ, ನಾಯಿ ಛೂ ಬಿಡಿಸಿಕೊಂಡಿದ್ದಾರೆ, ಹೊಸ ತಿಪ್ಪಸಂದ್ರದಲ್ಲಿ ಒಬ್ಬಾಕೆ ಮಹಡಿಯಿಂದ ಸುರಿದ ಮುಸುರೆ ನೀರಿನಲ್ಲಿ ಮಿಂದೂ ಬಂದಿದ್ದಾರೆ. ಆದರೆ ಕೈಗೆ ಬಂದ ಯಾವ ಡಿಕ್ರಿಯನ್ನೂ ಜಾರಿ ಮಾಡದೆ ವಾಪಸ್ ತಂದವರಲ್ಲ. ಅದು ಅವರ ಹೆಮ್ಮೆ. ಹೆಂಡತಿ ಭೀಮಬಾಯಿಯ ಪ್ರಕಾರ ಅದೇ ಅವರ ಕಾಯಿಲೆ.

ನನ್ನ ಅಂಗಡಿಯ ಮೇಲಿನ ಬಾಡಿಗೆ ಕೋಣೆಯಲ್ಲಿ ಮೆಹರುನ್ನೀಸಾ ಇದ್ದಾರೆ. ಗಂಡ ತೀರಿಕೊಂಡ ಮೇಲೆ ಶಿವಾಜಿನಗರದಿಂದ ಇಲ್ಲಿಗೆ ಬಂದವರು, ನಾನು ಹೊಲಿದ ಬಟ್ಟೆಗೆ ಕಾಜಾ, ಗುಂಡಿ ಹಾಕಿಕೊಡುತ್ತಾರೆ. ಮಗಳು ಸಾಮಿಯಾ ಕಾಲೇಜಿಗೆ ಹೋಗುತ್ತಾಳೆ. ಮಗ ಆದಿಲ್ ಸರಕು ಹಡಗಿನಲ್ಲಿ ಅಡುಗೆಯವನು. ಎರಡು ದೇಶಗಳು ನನ್ನದು ತನ್ನದು ಎಂದು ಕಿತ್ತಾಡುವ ಒಂದು ತುಂಡು ಕಡಲಿನಲ್ಲಿ ಅವನ ಹಡಗು ಲಂಗರು ಹಾಕಿ ನಿಂತಿತ್ತು. ಹಡಗು ಒಂದು ದೇಶದ್ದು. ಅಲ್ಲೇ ನಿಲ್ಲು ಎಂದು ಹೇಳಿದ್ದೂ ಅದೇ ದೇಶ. ಇನ್ನೊಂದು ದೇಶದ ನೌಕಾಪಡೆ ಬಂದು, ನಮ್ಮ ಕಡಲಿನಲ್ಲಿ ನಿಲ್ಲು ಅನ್ನಲು ಅವರು ಯಾರು ಎಂದು ಹಡಗನ್ನೂ ಅದರಲ್ಲಿದ್ದ ಅಷ್ಟೂ ಜನರನ್ನೂ ಹಿಡಿದುಕೊಂಡು ಹೋಯಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತಾರಲ್ಲ, ಆ ಕೂಸು ನಮ್ಮ ಆದಿಲ್. ಆ ದೇಶಗಳ ಹೆಸರು ಹೇಳುವುದಿಲ್ಲ. ಅದರಲ್ಲಿ ಒಂದರ ಹೆಸರೆತ್ತಿದರೆ ಇವತ್ತಿಗೂ ನನ್ನ ಬಾಯಲ್ಲಿ ಒಳ್ಳೆಯ ಮಾತು ಬರುವುದಿಲ್ಲ.

ವಾರಕ್ಕೊಮ್ಮೆ ಮನೆಗೆ ಫೋನ್ ಮಾಡಲು ಬಿಡುತ್ತಿದ್ದರು. ತಾಯಿ ಮಕ್ಕಳು ಮಾತಾಡುವುದು ದಖನಿ ಉರ್ದುವಿನಲ್ಲಿ; ಕಂಟೋನ್ಮೆಂಟಿನಲ್ಲಿ ಹುಟ್ಟಿದ ನನಗೆ ಅದು ಅರ್ಥವಾಗುತ್ತದೆ, ನಿಮಗೆ ಕನ್ನಡದಲ್ಲೇ ಹೇಳುತ್ತೇನೆ. ಒಂದು ವಾರ ಆದಿಲ್ ಹೇಳಿದ, "ಅಮ್ಮೀ, ಇಲ್ಲಿ ಒಂದು ಪೇಪರ್ ಕೊಟ್ಟಿದ್ದಾರೆ. ಹಡಗು ನಿಂತಿದ್ದು ಇವರ ಸಮುದ್ರದಲ್ಲೇ ಅಂತ ಸೈನ್ ಹಾಕಿದ್ರೆ ಮನೆಗೆ ಕಳಿಸ್ತಾರಂತೆ."

ಮೆಹರುನ್ನೀಸಾ ಹಾಕಿಬಿಡು ಅನ್ನುವವರೇ ಇದ್ದರು. ಯಾವ ತಾಯಿಯೂ ಅದನ್ನೇ ಹೇಳುತ್ತಾಳೆ. ಕಡಲು ಯಾರದಾದರೆ ನಮಗೇನು? ತಡೆದವರು ಚಂದ್ರಾಮಪ್ಪ.

"ತಂಗಿ, ಕೇಸ್ ನಡೆಯೋವಾಗ ಎದುರು ಪಾರ್ಟಿ ಕಾಗದಕ್ಕ ಸಹಿ ಹಾಕ್ದಾಂವ ಉಳದಿದ್ದು ನಾ ನೋಡಿಲ್ಲ. ತಪ್ಪು ಒಪ್ಪಕೊಂಡ ಅಂತ ಅವನ್ನೇ ಒಳಗ ಹಾಕಿದ್ರ ಏನ್ ಮಾಡ್ತಿ? ಹಡಗಿನ ದೇಶದವರು ಜರ್ಮನಿ ಕೋರ್ಟಿಗಿ ಹೋಗ್ಯಾರ. ಡಿಕ್ರಿ ಬರಲಿ. ಡಿಕ್ರಿ ಬಂತಂದ್ರ ಹುಡುಗ ಬಂದಂಗ."

ಅಷ್ಟು ಗಟ್ಟಿಯಾಗಿ ಹೇಳಿದ ಮೇಲೆ ಯಾರು ಎದುರು ಹೇಳುತ್ತಾರೆ? ಮೆಹರುನ್ನೀಸಾ ಮಗನಿಗೆ ಬೇಡ ಅಂದರು.

ಆದೇಶ ಓದುವ ದಿನ ಸಾಮಿಯಾ ತನ್ನ ಫೋನನ್ನು ನನ್ನ ಅಂಗಡಿಯ ಟಿವಿಗೆ ಜೋಡಿಸಿದಳು. ಕಡಲಿನ ವ್ಯಾಜ್ಯಕ್ಕೆಂದೇ ಇರುವ ಕೋರ್ಟಂತೆ ಅದು. ನೀಲಿ ನಿಲುವಂಗಿ ತೊಟ್ಟ ಜಡ್ಜುಗಳು ಸಾಲಾಗಿ ಕೂತಿದ್ದರು, ಯಾವುಯಾವುದೋ ದೇಶದವರು. ಅಂಗಡಿಯಲ್ಲಿ ನಿಲ್ಲಲು ಜಾಗವಿರಲಿಲ್ಲ. ರವಿಕೆ ಅಳತೆ ಕೊಡಲು ಬಂದವರೂ ಅಲ್ಲೇ ನಿಂತರು. ನಡುವಿನ ಜಡ್ಜು ಓದುತ್ತಲೇ ಹೋದರು, ಚಂದ್ರಾಮಪ್ಪ ಮೊಣಕಾಲು ಕುಣಿಸುತ್ತಾ, "ಎಲ್ಲಾ ಜಡ್ಜುಗಳೂ ಹೀಂಗೇ. ಮಾತು ಕಡೀಗಿರ್ತದ" ಎಂದು ನಮಗೆ ಧೈರ್ಯ ಹೇಳಿದರು. ಕೊನೆಗೆ ಸಾಮಿಯಾ ಆ ಇಂಗ್ಲಿಷನ್ನು ಕನ್ನಡ ಮಾಡಿ ಕೂಗಿದಳು: ಹಡಗನ್ನೂ ಹಡಗಿನಲ್ಲಿದ್ದ ಎಲ್ಲರನ್ನೂ ಕೂಡಲೇ ಬಿಡಬೇಕು.

ಅಂಗಡಿ ಎದ್ದು ನಿಂತಿತು. ಮೆಹರುನ್ನೀಸಾ ನನ್ನನ್ನು ತಬ್ಬಿಕೊಂಡು ಅತ್ತರು, ನಾನೂ ಅತ್ತೆ, ಅಳತೆ ಕೊಡಲು ಬಂದ ಹೆಂಗಸೂ ಯಾಕೆಂದು ಗೊತ್ತಿಲ್ಲದೆ ಅತ್ತಳು. ಚಂದ್ರಾಮಪ್ಪ ಎಲ್ಲಿ ಎಂದು ನೋಡಿದರೆ ಆಗಲೇ ಹಲಸೂರು ಮಾರ್ಕೆಟ್ ಕಡೆ ಓಡಿ ತಮಟೆಯವರನ್ನು ಆಟೋದಲ್ಲಿ ತುಂಬಿಕೊಂಡು ಬಂದಿದ್ದರು. "ಡಿಕ್ರಿ ಆದ ಮ್ಯಾಲ ಸಾರಬೇಕು. ಸಾರದಿದ್ರ ಲೆಕ್ಕಕ್ಕಿಲ್ಲ" ಎಂದು ಬೀದಿಯ ನಡುವೆ ನಿಂತು, ಆದಿಲನ ಹೆಸರು ಹಿಡಿದು ಸಾರಿಯೇಬಿಟ್ಟರು. ನಾನು ಕುಣಿದೆನೆಂದು ಹೇಳಿದೆನಲ್ಲ, ಅದು ಆಗಲೇ.

ಮಾರನೆಯ ಬೆಳಿಗ್ಗೆ ಸಾಮಿಯಾ ಫೋನ್ ಹಿಡಿದು ಅಂಗಡಿಗೆ ಬಂದಳು. ಹಡಗು ಹಿಡಿದ ದೇಶ ಉತ್ತರ ಕೊಟ್ಟಿತ್ತು. ಆ ಕಡಲು ನಮ್ಮದು, ನಮ್ಮ ಕಡಲಿನ ವಿಷಯ ಮಾತಾಡಲು ಯಾವ ಕೋರ್ಟಿಗೂ ಅಧಿಕಾರವಿಲ್ಲ, ಬಿಡುವುದಿಲ್ಲ.

ಚಂದ್ರಾಮಪ್ಪ ನಕ್ಕರು. "ಸೋತವರೆಲ್ಲಾ ಮೊದಲ ಹೀಂಗೇ ಅಂತಾರ. ಈಗ ಅಮೀನ ಹೋಗ್ತಾನ. ಆ ಕೋರ್ಟಿನ ಅಮೀನ ಯಾರದಾನ, ನೋಡು ಮಗಳ."

"ಯಾರೂ ಇಲ್ಲ ಅಂಕಲ್."

"ಪೊಲೀಸರನ್ನ ಕಳಸ್ತಾರೇನು ಹಂಗಾರ?"

"ಆ ಕೋರ್ಟಿಗೆ ಪೊಲೀಸೂ ಇಲ್ಲ. ಜಪ್ತಿನೂ ಇಲ್ಲ. ದೇಶಗಳೇ ಒಪ್ಕೊಂಡು ನಡ್ಕೋಬೇಕು ಅಷ್ಟೇ. ಒಪ್ಪಲ್ಲ ಅಂದ್ರೆ ಇನ್ನೊಂದು ಆರ್ಡರ್ ಬರೀಬಹುದು, ಬೇರೆ ದೇಶದವರು ಬೈಬಹುದು."

"ಮತ್ತ ಅಷ್ಟು ಮಂದಿ ಜಡ್ಜುಗಳು ಯಾಕ ಕುಂತಾರ?"

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರೆ. ಇಲ್ಲಿ ಪೂಜಾರಿಯೇ ಇರಲಿಲ್ಲ. ನಾನು ಬಾಡಿಗೆ ಕೊಡದಿದ್ದರೆ ನನ್ನ ಮೇಲೆ ಕೋರ್ಟಿದೆ, ಕೋರ್ಟಿನ ಹಿಂದೆ ಹಲಸೂರು ಪೊಲೀಸ್ ಠಾಣೆ ಇದೆ. ದೇಶಗಳ ಮೇಲಿನ ಕೋರ್ಟಿನ ಹಿಂದೆ ಇರುವವರೂ ಮತ್ತೆ ಅವೇ ದೇಶಗಳು. ನನಗೆ ಆ ದೇಶದ ಮೇಲೆ ಬಂದ ಸಿಟ್ಟಿಗಿಂತ ಚಂದ್ರಾಮಪ್ಪನವರ ಮೇಲೆ ಹೆಚ್ಚು ಸಿಟ್ಟು ಬಂತು. "ಗೊತ್ತಿಲ್ದೇ ಇದ್ರೆ ಸುಮ್ನಿರ್ಬೇಕಿತ್ತು ಚಂದ್ರಾಮಣ್ಣ. ತಮಟೆ ಬೇರೆ ಹೊಡೆಸಿದ್ರಿ" ಎಂದು ಮುಖಕ್ಕೇ ಅಂದೆ.

ಅವರು ನೇರ ಮೇಲಿನ ಕೋಣೆಗೆ ಹೋದರು. ನಾನೂ ಹಿಂದೆಯೇ ಹೋದೆ. ಮೆಹರುನ್ನೀಸಾ ಮಗ ಬರುತ್ತಾನೆಂದು ಹಾಸಿಗೆಯ ಹೊದಿಕೆ ಒಗೆದು ಹಾಕುತ್ತಿದ್ದರು. ಚಂದ್ರಾಮಪ್ಪ ಬಾಗಿಲಲ್ಲೇ ನಿಂತು ಎಲ್ಲ ಹೇಳಿದರು. "ನಾ ತಪ್ಪು ಹೇಳ್ದೆ ತಂಗಿ. ಈ ಕೋರ್ಟು ನಮ್ಮ ಕೋರ್ಟಿನಂಗಲ್ಲ. ಹುಡುಗಗ ಸಹಿ ಹಾಕು ಅನ್ನು."

"ನೀವು ಬೇಡ ಅಂದ್ರಿ, ಬೇಡ ಅಂದೆ. ಈಗ ಹಾಕು ಅಂತೀರಿ, ಹಾಕು ಅನ್ಲಾ?" ಮೆಹರುನ್ನೀಸಾ ಒದ್ದೆ ಹೊದಿಕೆ ಬಕೆಟ್ಟಿಗೆ ಎಸೆದರು. "ಅವನು ನನ್ನ ಮಗ ಅಣ್ಣ, ನಿಮ್ಮ ಕೋರ್ಟಿನ ಕೇಸಲ್ಲ."

ಅದೇ ಹೊತ್ತಿಗೆ ಫೋನ್ ಬಂತು, ಅದು ವಾರದ ಫೋನಿನ ದಿನವೂ ಅಲ್ಲ. ಸಾಮಿಯಾ ಸ್ಪೀಕರ್ ಹಾಕಿದಳು.

"ಅಮ್ಮೀ, ಸಂಜೆ ಪೇಪರ್ ವಾಪಸ್ ತಗೋತಾರಂತೆ. ಹಾಕೋರು ಈಗ್ಲೇ ಹಾಕ್ಬೇಕು. ಏನ್ ಮಾಡ್ಲಿ? ಒಂದು ವಿಷಯ, ನಿನ್ನೆಯಿಂದ ಇವರು ಒಂಥರಾ ಆಗ್ಬಿಟ್ಟಿದ್ದಾರೆ. ದಿನಾ ಬೈಯೋ ಆಫೀಸರ್ ಬಂದು ಊಟ ಆಯ್ತಾ ಅಂದ. ಡಾಕ್ಟರನ್ನ ಕಳಿಸಿದ್ರು. ಎಲ್ಲರ ಫೋಟೋ ತೆಗೆದ್ರು, ಸ್ವಲ್ಪ ನಗಿ ಅಂದ್ರು."

ಚಂದ್ರಾಮಪ್ಪ ಒಂದೇ ಹೆಜ್ಜೆಗೆ ಒಳಗೆ ಬಂದರು. "ಊಟ ಆತೇನು ಅಂದ್ನಾ? ಆ ಬೈಯ್ಯಾಂವನೇ ಅಂದ್ನಾ?"

"ಹೂಂ ಅಂಕಲ್."

ಅವರ ಕಣ್ಣು ಮಿಂಚಿದ್ದು ನಾನು ನೋಡಿದೆ. ಮೆಹರುನ್ನೀಸಾ ಕಡೆ ತಿರುಗಿ ಅವಸರವಸರವಾಗಿ ಹೇಳಿದರು. "ತಂಗಿ, ಬಾಗಲದಾಗ ನಿಂತು ಬೈಯ್ಯಾಂವ ನೀರು ಕುಡೀತೀಯೇನು ಅಂತ ಕೇಳಿದ್ನಂದ್ರ, ಬಾಗಲಾ ತೆಗೀಲಿಕ್ಕ ಅಂವ ನೆಪ ಹುಡುಕ್ಲತ್ಯಾನ. ಮಂದಿ ನೋಡ್ಲತ್ಯಾರ ಅಂತ ಅವರಿಗಿ ಗೊತ್ತಾಗ್ಯದ. ನನಗೇನೋ ಸಹಿ ಬ್ಯಾಡ ಅನಸ್ತದ." ಆಮೇಲೆ ಧ್ವನಿ ಇಳಿಸಿದರು. "ಆದ್ರ ಅದು ಮನಿ, ಇದು ದೇಶ. ನಿನ್ನಿ ತಪ್ಪೀನಿ, ಇವತ್ತೂ ತಪ್ಪಬಹುದು. ನೀನೇ ಹೇಳು."

ಸಹಿ ಹಾಕಿಸಿ ಮುಗಿಸಮ್ಮ ಎಂದು ಕೂಗಿಬಿಡೋಣ ಅನ್ನಿಸಿತು ನನಗೆ. ಮೆಹರುನ್ನೀಸಾ ನಮ್ಮಿಬ್ಬರ ಕಡೆಗೂ ನೋಡಲಿಲ್ಲ. ಫೋನನ್ನು ಬಾಯಿಯ ಹತ್ತಿರ ಹಿಡಿದು, "ಆದಿಲ್, ಹಡಗು ಯಾರ ಸಮುದ್ರದಲ್ಲಿ ನಿಂತಿತ್ತು ನಿನಗೆ ಗೊತ್ತಾ?" ಎಂದು ಕೇಳಿದರು.

"ನನಗೆ ಹೆಂಗೆ ಗೊತ್ತಿರತ್ತೆ ಅಮ್ಮೀ? ನಾನು ಒಳಗೆ ಈರುಳ್ಳಿ ಹೆಚ್ತಿದ್ದೆ."

"ಹಾಗಾದ್ರೆ ಗೊತ್ತಿಲ್ದೇ ಇರೋದಕ್ಕೆ ಸೈನ್ ಹಾಕ್ಬೇಡ. ಕೇಳಿದ್ರೆ ಹೀಗೇ ಹೇಳು."

ಫೋನ್ ಕಟ್ಟಾಯಿತು. ಆಮೇಲೆ ಅವರು ಅದೇ ಒದ್ದೆ ಹೊದಿಕೆಯ ಬಕೆಟ್ಟಿನ ಪಕ್ಕ ಕೂತುಬಿಟ್ಟರು. ಮುಂದಿನ ದಿನಗಳಲ್ಲಿ ನಮ್ಮ ಮನೆಗಳಲ್ಲಿ ಯಾರಿಗೂ ಸರಿಯಾಗಿ ಅನ್ನ ಸೇರಲಿಲ್ಲ. ವಾರದ ಫೋನೂ ಬರಲಿಲ್ಲ. ಚಂದ್ರಾಮಪ್ಪ ದಿನಾ ಅಂಗಡಿಗೆ ಬಂದು ಸಾಮಿಯಾಳ ದಾರಿ ಕಾಯುತ್ತಿದ್ದರು. ಭೀಮಬಾಯಿ ನನ್ನ ಹತ್ತಿರ ಬಂದು, "ಇವ್ರು ಸುಮ್ಮನಿದ್ರ ನನಗ ಅಂಜಿಕಿ ಬರ್ತದವ್ವ" ಅಂದರು.

ಒಂದು ಮಧ್ಯಾಹ್ನ ಸಾಮಿಯಾ ಬಸ್ ಸ್ಟಾಪಿನಿಂದಲೇ ಓಡುತ್ತಾ ಬಂದಳು. ಒಂದು ಚಪ್ಪಲಿ ಎಲ್ಲೋ ಕಳೆದುಕೊಂಡಿದ್ದಳು. ಆ ದೇಶದ ರಾಷ್ಟ್ರೀಯ ಹಬ್ಬವಂತೆ. ಹಬ್ಬದ ನೆಪದಲ್ಲಿ, ತಮ್ಮದೇ ಕರುಣೆಯಿಂದ, ಯಾವ ಕೋರ್ಟಿನ ಮಾತಿಗೂ ಅಲ್ಲ, ನಾವಿಕರನ್ನು ಬಿಡುಗಡೆ ಮಾಡುತ್ತೇವೆ ಎಂದು ಅವರು ಹೇಳಿಕೆ ಕೊಟ್ಟಿದ್ದರು. ಚಂದ್ರಾಮಪ್ಪ ಕುರ್ಚಿಯಿಂದೆದ್ದು ಬಿದ್ದು ಬಿದ್ದು ನಕ್ಕರು. "ಜಟ್ಟಿ ಕೆಳಗ ಬಿದ್ರೂ ಮೀಸಿ ಮಣ್ಣಾಗಿಲ್ಲ ಅಂತ ಅಲ್ಲೇನು? ಆಗಿಲ್ಲಂದ್ರ ಬ್ಯಾಡ ಬಿಡು. ಕರುಣಾ ಅನ್ಲಿ, ಹಬ್ಬ ಅನ್ಲಿ, ಬಾಗಲಾ ತೆಗದ್ರ ಸಾಕು." ಮೇಲಿನಿಂದ ಮೆಹರುನ್ನೀಸಾ ಇಳಿದು ಬರುವಷ್ಟರಲ್ಲಿ ನಾನು ಅರ್ಧ ಮೆಟ್ಟಿಲು ಹತ್ತಿ ಅವರನ್ನು ಹಿಡಿದುಕೊಂಡಿದ್ದೆ.

ಆದಿಲ್ ಬಂದ ದಿನ ಟ್ಯಾಕ್ಸಿ ನಮ್ಮ ಬೀದಿಯೊಳಗೆ ಬರಲಾಗಲಿಲ್ಲ, ಅಷ್ಟು ಜನ. ಅವನು ಇಳಿದು ನಡೆದು ಬಂದ. ಬಡಕಲಾಗಿದ್ದ, ಗಡ್ಡ ಬಂದಿತ್ತು. ತಾಯಿ ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನಿಂತರು. ಹಾರ ಹಾಕಿದರು, ಬಿರಿಯಾನಿ ದಮ್ಮಿನಲ್ಲಿತ್ತು, ಯಾರೋ ಪಟಾಕಿ ಹಚ್ಚಿದರು. ನಾನು ಜನ್ಮದಲ್ಲಿ ಅಷ್ಟು ಸಂತೋಷಪಟ್ಟಿರಲಿಲ್ಲ. ಕೋಣೆಯಲ್ಲಿ ಎಲ್ಲರೂ ಕೂತ ಮೇಲೆ ಚಂದ್ರಾಮಪ್ಪ ಅವನ ಬೆನ್ನು ತಟ್ಟಿ, "ಎಲ್ಲಾರೂ ಬಂದ್ರಲ್ಲಪಾ?" ಎಂದು ಕೇಳಿದರು.

"ಕ್ಯಾಪ್ಟನ್ ಬರ್ಲಿಲ್ಲ ಅಂಕಲ್. ಹಡಗೂ ಬಿಡ್ಲಿಲ್ಲ. ಅವರ ಮೇಲೆ ಅಲ್ಲೇ ಕೇಸ್ ಹಾಕಿದ್ದಾರೆ."

ಕ್ಯಾಪ್ಟನ್ ತೂತ್ತುಕುಡಿಯವರಂತೆ. ಆದಿಲ್ ಹೊರಡುವಾಗ ಅವನ ಕೈಗೆ ತಮ್ಮ ಹೆಂಡತಿಯ ನಂಬರ್ ಬರೆದುಕೊಟ್ಟಿದ್ದರು. ಮೆಹರುನ್ನೀಸಾ ಬಿರಿಯಾನಿ ಬಡಿಸುವುದನ್ನು ನಿಲ್ಲಿಸಿ, ಮೊದಲು ಫೋನ್ ಮಾಡು ಅಂದರು. ನಮ್ಮ ಕಡೆ ತಮಿಳು ಬರದವರು ಯಾರು? ಅವರೇ ಮಾತಾಡಿ, ಮಗ ಬಂದ ಎಂದು ಹೇಳಿದರು. ಇಲ್ಲಿ ಕೋರ್ಟಿನವರು ಒಬ್ಬರಿದ್ದಾರೆ, ಅವರನ್ನೇ ಕೇಳಿ ಎಂದು ಚಂದ್ರಾಮಪ್ಪನವರ ಕೈಗೆ ಫೋನ್ ಕೊಟ್ಟುಬಿಟ್ಟರು.

"ಅಯ್ಯಾ, ಬಿಡಬೇಕು ಅಂತ ಆರ್ಡರ್ ಆಗಿದೆಯಲ್ಲ, ಅದರಲ್ಲಿ ನಮ್ಮವರೂ ಸೇರಿದಾರಾ?" ಆ ಹೆಂಗಸಿನ ಧ್ವನಿ ಕೋಣೆಗೆಲ್ಲ ಕೇಳಿಸುತ್ತಿತ್ತು.

"ಸೇರಿದಾರೆ ತಾಯಿ," ಚಂದ್ರಾಮಪ್ಪ ತಮ್ಮ ಹರಕು ತಮಿಳಿನಲ್ಲಿ ಹೇಳಿದರು. "ಹಡಗಿನಲ್ಲಿದ್ದ ಎಲ್ಲರೂ ಸೇರಿದಾರೆ."

"ಹಾಗಾದ್ರೆ ಅವರನ್ನ ಯಾವಾಗ ಬಿಡ್ತಾರೆ?"

ಚಂದ್ರಾಮಪ್ಪ ಬಾಯಿ ತೆರೆದರು. ನಾವೆಲ್ಲ ಅವರ ಬಾಯನ್ನೇ ನೋಡುತ್ತಿದ್ದೆವು. ಆ ಕಡೆ ಆಕೆ ಕಾಯುತ್ತಲೇ ಇದ್ದರು. ಚಂದ್ರಾಮಪ್ಪ ಫೋನನ್ನು ಯಾರಿಗೂ ಕೊಡದೆ, ಇಡದೆ, ಹಾಗೇ ಕಿವಿಗೆ ಹಿಡಿದುಕೊಂಡು ಕೂತರು.